ಅಪ್ಪುಗೆಯೂ ಒಂದು ಆಹಾರ

ಹೊಸ ಚಿಕಿತ್ಸೆಯೊಂದರ ಪರೀಕ್ಷೆ ಅರ್ಧದಲ್ಲೇ ನಿಲ್ಲುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಅದರಿಂದ ಅಪಾಯವಾಗುತ್ತಿದೆ ಎಂದು ಗೊತ್ತಾದರೆ ನಿಲ್ಲಿಸುತ್ತಾರೆ. ಇಲ್ಲವೇ, ಚಿಕಿತ್ಸೆ ಎಷ್ಟು ಚೆನ್ನಾಗಿ ಫಲ ಕೊಡುತ್ತಿದೆಯೆಂದರೆ, ಅದನ್ನು ಉಳಿದರ್ಧ ರೋಗಿಗಳಿಗೆ ಕೊಡದೆ ಲೆಕ್ಕ ಬರೆಯುತ್ತ ಕೂರುವುದೇ ತಪ್ಪು ಅನ್ನಿಸಿದಾಗ ನಿಲ್ಲಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2017ರ ಕೊನೆಯಲ್ಲಿ ಶುರುಮಾಡಿದ ಪ್ರಯೋಗವೊಂದು 2020ರ ಜನವರಿಯಲ್ಲಿ ನಿಂತದ್ದು ಈ ಎರಡನೆಯ ಕಾರಣಕ್ಕೆ. ಅಲ್ಲಿ ಪರೀಕ್ಷೆಗೆ ಇಟ್ಟಿದ್ದ ಚಿಕಿತ್ಸೆ ತಾಯಿಯ ಎದೆಯ ಬಿಸಿ.

ಘಾನಾ, ಮಲಾವಿ, ನೈಜೀರಿಯಾ, ಟಾಂಜಾನಿಯಾ ಮತ್ತು ಭಾರತದ ಐದು ಆಸ್ಪತ್ರೆಗಳಲ್ಲಿ ಅದು ನಡೆಯಿತು. ನಮ್ಮ ದೇಶದಲ್ಲಿ ಆಯ್ಕೆಯಾಗಿದ್ದು ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ. ಹುಟ್ಟುವಾಗ ಒಂದು ಕೆ.ಜಿ.ಯಿಂದ 1.8 ಕೆ.ಜಿ.ಯೊಳಗೆ ತೂಗುತ್ತಿದ್ದ 3,211 ಶಿಶುಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನ ಮಕ್ಕಳಿಗೆ ಅಂದಿನ ರೂಢಿಯಂತೆ ಮೊದಲು ವಾರ್ಮರ್, ಇನ್‌ಕ್ಯುಬೇಟರ್. ಸ್ಥಿತಿ ಸುಧಾರಿಸಿದ ಮೇಲಷ್ಟೇ ತಾಯಿಯ ಎದೆ. ಇನ್ನೊಂದು ಗುಂಪಿನವರನ್ನು ಹುಟ್ಟಿದ ಸ್ವಲ್ಪ ಹೊತ್ತಿನಲ್ಲೇ ತಾಯಿಯ ಎದೆಗೆ ಕಟ್ಟಿ, ತೀವ್ರ ನಿಗಾ ಘಟಕದ ಒಳಗೇ ಆ ತಾಯಂದಿರಿಗೆ ಹಾಸಿಗೆ ಹಾಕಿಕೊಟ್ಟರು. ಈ ಮಕ್ಕಳು ದಿನಕ್ಕೆ ಸರಿಸುಮಾರು 17 ಗಂಟೆ ಎದೆಯ ಮೇಲಿದ್ದರು. ಮೊದಲ ಗುಂಪಿನವರಿಗೆ ಘಟಕದಲ್ಲಿದ್ದಾಗ ಆ ಭಾಗ್ಯ ಸಿಕ್ಕಿದ್ದು ಒಂದೂವರೆ ಗಂಟೆ.

28 ದಿನಗಳ ಲೆಕ್ಕ ಹಾಕಿದಾಗ ಮೊದಲ ಗುಂಪಿನಲ್ಲಿ ಶೇ 15.7ರಷ್ಟು ಮಕ್ಕಳು ತೀರಿಕೊಂಡಿದ್ದರು, ಎದೆಗೆ ಕಟ್ಟಿದ ಗುಂಪಿನಲ್ಲಿ ಶೇ 12. ಅಂದರೆ ಹೀಗೆ ಆರೈಕೆ ಮಾಡಿದ ಪ್ರತಿ 27 ಶಿಶುಗಳಿಗೆ ಒಂದು ಜೀವ ಹೆಚ್ಚಾಗಿ ಉಳಿದಂತಾಯಿತು. ಮೈ ತಣ್ಣಗಾಗುವುದು, ಸೋಂಕು ತಗಲುವುದು ಕೂಡ ಕಡಿಮೆಯಾಯಿತು. 2021ರಲ್ಲಿ ಫಲಿತಾಂಶ ಪ್ರಕಟವಾಯಿತು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ ತನ್ನ ಹಳೆಯ ಸಲಹೆಯನ್ನೇ ತಿದ್ದಿತು: ಅವಧಿಗೆ ಮೊದಲೇ ಹುಟ್ಟಿದ ಅಥವಾ ತೂಕ ಕಡಿಮೆಯಿರುವ ಶಿಶುವನ್ನು, ಉಸಿರಾಟಕ್ಕೆ ಯಂತ್ರ ಬೇಕಾಗುವಂಥ ಗಂಭೀರ ಸ್ಥಿತಿ ಇಲ್ಲದಿದ್ದರೆ, ಹುಟ್ಟಿದ ಕೂಡಲೇ ಎದೆಗೆ ಕೊಡಿ, ದಿನಕ್ಕೆ 8ರಿಂದ 24 ಗಂಟೆ ಅಲ್ಲೇ ಇರಲಿ.

ಸ್ಪರ್ಶದ ಬಗ್ಗೆ ನಾವು ಮಾತಾಡುವುದೆಲ್ಲ ಭಾವನೆಯ ಭಾಷೆಯಲ್ಲಿ. ತಾಯಿ ಮಮತೆ, ಮಡಿಲಿನ ಸುಖ, ಅಜ್ಜಿಯ ಅಕ್ಕರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಭಾವನೆಯ ಪಟ್ಟಿಗೆ ಸೇರಿಸಿದ್ದನ್ನು ನಾವು ಬಿಡುವಾದಾಗ ಕೊಟ್ಟರಾಯಿತು ಎಂದುಕೊಳ್ಳುತ್ತೇವೆ. ಊಟದ ವಿಷಯದಲ್ಲಿ ಯಾರೂ ಹಾಗೆ ಮಾಡುವುದಿಲ್ಲ. ಕಳೆದ ಹಲವು ದಶಕಗಳ ವಿಜ್ಞಾನ ಹೇಳುವುದು ಒಂದೇ ಮಾತು: ಅಕ್ಕರೆಯ ಸ್ಪರ್ಶದ ಜಾಗ ಅನ್ನದ ಪಕ್ಕದಲ್ಲಿ.

ಪೆಟ್ಟಿಗೆ ಸಾಲದೆ ಹುಟ್ಟಿದ ಉಪಾಯ

ಎದೆಗೆ ಕಟ್ಟುವ ಈ ವಿಧಾನಕ್ಕೆ ‘ಕಾಂಗರೂ ಆರೈಕೆ’ ಎಂದು ಹೆಸರು. ಹುಟ್ಟಿದ್ದು ಕೊಲಂಬಿಯಾದ ರಾಜಧಾನಿ ಬೊಗೋಟಾದಲ್ಲಿ, 1978ರಲ್ಲಿ, ಬಡವರೇ ಹೆಚ್ಚಾಗಿ ಬರುತ್ತಿದ್ದ ಒಂದು ಹೆರಿಗೆ ಆಸ್ಪತ್ರೆಯಲ್ಲಿ. ಅಲ್ಲಿ ಇನ್‌ಕ್ಯುಬೇಟರುಗಳು ಸಾಲುತ್ತಿರಲಿಲ್ಲ. ಒಂದೊಂದು ಗಾಜಿನ ಪೆಟ್ಟಿಗೆಯಲ್ಲಿ ಎರಡು, ಮೂರು ಶಿಶುಗಳನ್ನು ಮಲಗಿಸುತ್ತಿದ್ದರು. ಒಂದಕ್ಕೆ ಸೋಂಕಾದರೆ ಪಕ್ಕದ್ದಕ್ಕೂ ತಗಲುತ್ತಿತ್ತು. ತಿಂಗಳುಗಟ್ಟಲೆ ಕೈಗೆ ಸಿಗದ ಮಗುವನ್ನು ಆಸ್ಪತ್ರೆಯಲ್ಲೇ ಬಿಟ್ಟುಹೋಗುವ ತಾಯಂದಿರೂ ಇದ್ದರು. ಡಾ. ಎಡ್ಗರ್ ರೇ ಸನಾಬ್ರಿಯಾ ಎಂಬ ಮಕ್ಕಳ ವೈದ್ಯರು ಬೇರೆ ದಾರಿ ಕಾಣದೆ ಮಗುವನ್ನು ತಾಯಿಯ ಕೈಗೇ ಕೊಟ್ಟರು. ಮಗುವಿಗೆ ಒಂದು ಟೋಪಿ, ಕಾಲುಚೀಲ, ಲಂಗೋಟಿ. ಅದನ್ನು ಎರಡು ಮೊಲೆಗಳ ನಡುವೆ ನೆಟ್ಟಗೆ ನಿಲ್ಲಿಸಿದಂತೆ, ಕೈಕಾಲು ಕಪ್ಪೆಯ ಹಾಗೆ ಮಡಿಸಿ, ಉಸಿರಿಗೆ ಅಡ್ಡಿಯಾಗದಂತೆ ಮುಖ ಒಂದು ಪಕ್ಕಕ್ಕೆ ತಿರುಗಿಸಿ, ಬಟ್ಟೆಯಿಂದ ಸುತ್ತಿ ಕಟ್ಟಿದರು. ಮರುವರ್ಷ ಡಾ. ಹೆಕ್ಟರ್ ಮಾರ್ಟಿನೆಜ್ ಅವರ ಜೊತೆಗೂಡಿದರು.

ಬಡ ದೇಶದ ಬಡ ಉಪಾಯ ಎಂದು ದೊಡ್ಡ ದೇಶಗಳು ಮೊದಲು ಮೂಗು ಮುರಿದವು. ಆಮೇಲೆ ಒಂದೊಂದೇ ಅಧ್ಯಯನ ಬಂದು ಬಾಯಿ ಮುಚ್ಚಿಸಿತು. ಎದೆಯ ಚರ್ಮ ಮಗುವಿನ ಮೈ ತಣ್ಣಗಾದರೆ ತಾನು ಬಿಸಿಯಾಗುತ್ತದೆ, ಮಗು ಬೆಚ್ಚಗಾದರೆ ತಾನು ತಣಿಯುತ್ತದೆ. ಮಗು ಉಸಿರಾಡುವುದನ್ನು ಮರೆತು ನಿಲ್ಲುವ ಪ್ರಸಂಗಗಳು ಕಡಿಮೆಯಾಗುತ್ತವೆ. ಬಾಯಿಯ ಹತ್ತಿರವೇ ಮೊಲೆ ಇರುವುದರಿಂದ ಹಾಲು ಕುಡಿಯುವುದು ಬೇಗ ಕಲಿಯುತ್ತದೆ, ಹಾಲೂ ಚೆನ್ನಾಗಿ ಇಳಿಯುತ್ತದೆ. ಆಸ್ಪತ್ರೆಯ ರೋಗಾಣುಗಳ ಬದಲು ತಾಯಿಯ ಮೈಮೇಲಿನ ನಿರುಪದ್ರವಿ ಜೀವಾಣುಗಳು ಮಗುವಿನ ಚರ್ಮದಲ್ಲಿ ಮನೆ ಮಾಡುತ್ತವೆ. ಬೊಗೋಟಾದಲ್ಲೇ 1990ರ ದಶಕದಲ್ಲಿ ಹೀಗೆ ಬೆಳೆದ ಮಕ್ಕಳನ್ನು ಡಾ. ನಥಾಲಿ ಶಾರ್ಪಾಕ್ ಮತ್ತು ಸಂಗಡಿಗರು 20 ವರ್ಷದ ಬಳಿಕ ಮತ್ತೆ ಹುಡುಕಿ ಪರೀಕ್ಷಿಸಿದರು. ಪೆಟ್ಟಿಗೆಯಲ್ಲಿ ಬೆಳೆದವರಿಗಿಂತ ಇವರಲ್ಲಿ ಸಿಡುಕು, ಆಕ್ರಮಣಶೀಲತೆ ಕಡಿಮೆ ಕಂಡಿತು. ಇವರ ತಂದೆತಾಯಿಗಳೂ ಮಕ್ಕಳನ್ನು ಹೆಚ್ಚು ಹಚ್ಚಿಕೊಂಡು ಬೆಳೆಸಿದ್ದರು.

ನಮ್ಮ ರಾಜ್ಯಕ್ಕೂ ಈ ಕಥೆಯಲ್ಲಿ ಪಾಲಿದೆ. ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಆರೋಗ್ಯ ಇಲಾಖೆಯ ಜೊತೆ ಸೇರಿ, ಎರಡು ಕೆ.ಜಿ.ಗಿಂತ ಕಡಿಮೆ ತೂಕದ ಮಕ್ಕಳಿಗೆ ಇಡೀ ಜಿಲ್ಲೆಯಲ್ಲಿ ಕಾಂಗರೂ ಆರೈಕೆ ತಲುಪಿಸುವುದು ಹೇಗೆ ಎಂಬ ಅಧ್ಯಯನ ನಡೆಸಿದರು. ಇಥಿಯೋಪಿಯಾ, ಹರಿಯಾಣ ಮತ್ತು ಉತ್ತರ ಪ್ರದೇಶಗಳಲ್ಲೂ ಇದೇ ಕೆಲಸ ನಡೆಯಿತು. ಅಲ್ಲಿನ ಪ್ರಶ್ನೆ ಯಂತ್ರದ್ದಾಗಿರಲಿಲ್ಲ. ತಾಯಿಗೆ ಒರಗಲು ಕುರ್ಚಿ ಎಲ್ಲಿ? ಅವಳಿಗೆ ಊಟ ಯಾರು ತರುತ್ತಾರೆ? ಅವಳು ಸ್ನಾನಕ್ಕೆ ಹೋದಾಗ ಮಗುವನ್ನು ಎದೆಗೆ ಯಾರು ಹಾಕಿಕೊಳ್ಳುತ್ತಾರೆ? ಮನೆಗೆ ಹೋದ ಮೇಲೆ ‘ಇದೇನು ಹೊಸ ಅವತಾರ’ ಎನ್ನುವ ಅತ್ತೆಗೆ ಯಾರು ತಿಳಿಹೇಳುತ್ತಾರೆ? ಈ ಕೊನೆಯ ಕೆಲಸ ಹೆಚ್ಚಾಗಿ ಆಶಾ ಕಾರ್ಯಕರ್ತೆಯ ಹೆಗಲಿಗೆ ಬೀಳುತ್ತದೆ. ಒಂದು ಬಟ್ಟೆಯ ತುಂಡು ಸಾಕಾಗುವ ಚಿಕಿತ್ಸೆ ಇನ್ನೂ ಎಲ್ಲರಿಗೂ ಸಿಗದಿರಲು ಕಾರಣ ಹಣದ ಕೊರತೆಗಿಂತ ಹೆಚ್ಚಾಗಿ ಇಂಥ ಏರ್ಪಾಡುಗಳ ಕೊರತೆ.

ಮುದ್ದು ಮಾಡಬೇಡಿ ಎಂದ ಕಾಲ

ಇಷ್ಟು ಸರಳವಾದದ್ದನ್ನು ವೈದ್ಯಲೋಕ ಇಷ್ಟು ತಡವಾಗಿ ಒಪ್ಪಿದ್ದು ಏಕೆ? ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅಮೆರಿಕ, ಯುರೋಪುಗಳ ವಿದ್ಯಾವಂತರು ಮುದ್ದನ್ನೇ ರೋಗವೆಂದು ಬಗೆದಿದ್ದರು. ಮನೋವಿಜ್ಞಾನಿ ಜಾನ್ ಬಿ. ವಾಟ್ಸನ್ 1928ರಲ್ಲಿ ಬರೆದ ಶಿಶುಪಾಲನೆಯ ಪುಸ್ತಕದಲ್ಲಿ ಮಕ್ಕಳನ್ನು ಅಪ್ಪಬೇಡಿ, ಮುತ್ತಿಡಬೇಡಿ, ತೊಡೆಯ ಮೇಲೆ ಕೂರಿಸಿಕೊಳ್ಳಬೇಡಿ ಎಂದು ತಾಯಂದಿರಿಗೆ ಬುದ್ಧಿ ಹೇಳಿದ. ಬೆಳಿಗ್ಗೆ ಎದ್ದಾಗ ಮಗುವಿಗೆ ಹಸ್ತಲಾಘವ ಕೊಟ್ಟರೆ ಸಾಕು ಎಂಬುದು ಅವನ ಮತ. ಆಸ್ಪತ್ರೆಗಳಲ್ಲಿ ಸೋಂಕಿನ ಭಯ ಬೇರೆ. ತಂದೆತಾಯಿ ವಾರಕ್ಕೊಮ್ಮೆ ಗಾಜಿನಾಚೆಯಿಂದ ಮಗುವನ್ನು ನೋಡಿ ಹೋಗುವ ಪದ್ಧತಿ ಹಲವೆಡೆ ಇತ್ತು.

1945ರಲ್ಲಿ ರೆನೆ ಸ್ಪಿಟ್ಸ್ ಎಂಬ ಮನೋವೈದ್ಯ ಎರಡು ಜಾಗಗಳ ಶಿಶುಗಳನ್ನು ಹೋಲಿಸಿ ಬರೆದ. ಒಂದು ಅನಾಥ ಶಿಶುಗಳ ಆಶ್ರಮ. ಅಲ್ಲಿ ಸ್ವಚ್ಛತೆ, ಹಾಲು, ವೈದ್ಯರು ಯಾವುದಕ್ಕೂ ಕೊರತೆಯಿರಲಿಲ್ಲ. ಆದರೆ ಒಬ್ಬ ದಾದಿಗೆ ಎಂಟಕ್ಕೂ ಹೆಚ್ಚು ಮಕ್ಕಳು, ತೊಟ್ಟಿಲುಗಳ ಸುತ್ತ ಬಿಳಿ ಬಟ್ಟೆ ಇಳಿಬಿಟ್ಟಿದ್ದರಿಂದ ಮಗುವಿಗೆ ಕಾಣುತ್ತಿದ್ದದ್ದು ಮೇಲಿನ ಸೂರು ಮಾತ್ರ. ಇನ್ನೊಂದು ಹೆಣ್ಣುಮಕ್ಕಳ ಸೆರೆಮನೆ. ಅಲ್ಲಿ ಶಿಕ್ಷೆಗೊಳಗಾದ ತಾಯಂದಿರೇ ತಮ್ಮ ಕೂಸುಗಳನ್ನು ಎತ್ತಿ ಆಡಿಸುತ್ತಿದ್ದರು. ಆಶ್ರಮದ ಮಕ್ಕಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಮಂದಿ ಎರಡು ವರ್ಷದಲ್ಲಿ ತೀರಿಹೋದರು. ಉಳಿದವರು ನಡೆಯಲು, ಮಾತಾಡಲು ಹಿಂದೆಬಿದ್ದರು. ಸೆರೆಮನೆಯಲ್ಲಿ ಒಂದೂ ಮಗು ಸಾಯಲಿಲ್ಲ.

ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹ್ಯಾರಿ ಹಾರ್ಲೋ 1950ರ ದಶಕದ ಕೊನೆಯಲ್ಲಿ ಮಾಡಿದ ಕೋತಿಮರಿಗಳ ಪ್ರಯೋಗ ಇಂದಿಗೂ ಪಠ್ಯಪುಸ್ತಕದಲ್ಲಿದೆ. ತಾಯಿಯಿಂದ ಅಗಲಿಸಿದ ಮರಿಗಳಿಗೆ ಅವನು ಎರಡು ಬೊಂಬೆ ತಾಯಂದಿರನ್ನು ಕೊಟ್ಟ. ಒಂದು ಬರಿ ತಂತಿಯದು, ಇನ್ನೊಂದಕ್ಕೆ ಮೆತ್ತನೆ ಬಟ್ಟೆ ಸುತ್ತಿತ್ತು. ತಂತಿಯ ತಾಯಿಯಲ್ಲೇ ಹಾಲಿನ ಬಾಟಲಿ ಇಟ್ಟರೂ ಮರಿಗಳು ಹಾಲು ಕುಡಿದು ಮುಗಿಸಿ ಬಟ್ಟೆಯ ತಾಯಿಗೆ ಜೋತುಬೀಳುತ್ತಿದ್ದವು. ಹೆದರಿದಾಗ ಓಡುತ್ತಿದ್ದದ್ದೂ ಅಲ್ಲಿಗೇ. ಹಾಲು ಕೊಡುವವಳ ಮೇಲೆ ಮಗುವಿಗೆ ಪ್ರೀತಿ ಬರುತ್ತದೆ ಎಂಬ ಅಂದಿನ ಸಿದ್ಧಾಂತ ಅಲ್ಲಿಗೆ ಬಿದ್ದುಹೋಯಿತು. ಆ ಮರಿಗಳು ಪಟ್ಟ ಪಾಡು ಸಣ್ಣದಲ್ಲ. ಇಂದು ಅಂಥ ಪ್ರಯೋಗಕ್ಕೆ ಒಪ್ಪಿಗೆ ಸಿಗುವುದು ಕಷ್ಟ.

ಮನುಷ್ಯರ ಮಕ್ಕಳ ಮೇಲೆ ಅದೇ ಕ್ರೌರ್ಯವನ್ನು ಒಂದು ಸರ್ಕಾರವೇ ನಡೆಸಿತು. ರೊಮೇನಿಯಾದ ಸರ್ವಾಧಿಕಾರಿ ಚೌಶೆಸ್ಕು ಜನಸಂಖ್ಯೆ ಹೆಚ್ಚಿಸಲು 1966ರಲ್ಲಿ ಗರ್ಭಪಾತವನ್ನು ನಿಷೇಧಿಸಿದ. ಸಾಕಲಾಗದವರು ಮಕ್ಕಳನ್ನು ಸರ್ಕಾರಿ ಅನಾಥಾಲಯಕ್ಕೆ ಒಪ್ಪಿಸಿದರು. 1989ರ ಡಿಸೆಂಬರಿನಲ್ಲಿ ಅವನ ಆಡಳಿತ ಉರುಳಿದಾಗ ಹೊರಜಗತ್ತು ಕಂಡದ್ದು ಕಬ್ಬಿಣದ ತೊಟ್ಟಿಲುಗಳಲ್ಲಿ ತಮ್ಮನ್ನು ತಾವೇ ತೂಗಿಕೊಳ್ಳುತ್ತ ಕುಳಿತ ಸಾವಿರಾರು ಮಕ್ಕಳನ್ನು. ಅಮೆರಿಕದ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಝೀನಾ 2000ದಿಂದ ಬುಕಾರೆಸ್ಟ್‌ನಲ್ಲಿ ಅಂಥ 136 ಮಕ್ಕಳನ್ನು ಹಿಂಬಾಲಿಸಿದರು. ಅರ್ಧದಷ್ಟು ಮಕ್ಕಳಿಗೆ ಸಾಕು ಮನೆ ಸಿಕ್ಕಿತು. ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದವರು ಬುದ್ಧಿಶಕ್ತಿಯಲ್ಲಿ, ಅಂಟಿಕೊಳ್ಳುವ ಗುಣದಲ್ಲಿ ಚೆನ್ನಾಗಿ ಚೇತರಿಸಿಕೊಂಡರು. ತಡವಾದಷ್ಟೂ ಚೇತರಿಕೆ ಕಷ್ಟವಾಯಿತು. ಆ ಮಕ್ಕಳಿಗೆ ತಪ್ಪಿದ್ದು ಸ್ಪರ್ಶವೊಂದೇ ಅಲ್ಲ, ಮಾತು, ಆಟ, ನಗು ಎಲ್ಲವೂ ತಪ್ಪಿತ್ತು ನಿಜ. ಆದರೆ ಎತ್ತಿಕೊಳ್ಳದೆ ಮಗುವಿನ ಜೊತೆ ಮಾತಾಡುವವರು, ಮುಟ್ಟದೆ ಆಡಿಸುವವರು ಎಲ್ಲಿದ್ದಾರೆ? ಇವೆಲ್ಲ ಕೂಡಿಯೇ ಬರುತ್ತವೆ, ಕೂಡಿಯೇ ಇಲ್ಲವಾಗುತ್ತವೆ.

ಚರ್ಮದ ಒಳಗಿನ ನಿಧಾನಿ ನರ

ಅಮ್ಮ ಬೆನ್ನು ಸವರಿದರೆ ಅಳು ನಿಲ್ಲುವುದೇಕೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು ಈಚೆಗೆ. ನಮ್ಮ ಚರ್ಮದಲ್ಲಿ ಸ್ಪರ್ಶದ ಸುದ್ದಿ ಒಯ್ಯುವ ನರಗಳು ಎರಡು ಬಗೆ. ಒಂದು ವೇಗದ್ದು. ಎಲ್ಲಿ ತಾಗಿತು, ಒರಟೋ ನುಣುಪೋ ಎಂಬುದನ್ನು ಕ್ಷಣದಲ್ಲಿ ಮಿದುಳಿಗೆ ಮುಟ್ಟಿಸುತ್ತದೆ. ಕತ್ತಲಲ್ಲಿ ಜೇಬಿನ ನಾಣ್ಯ ಹುಡುಕುವಾಗ ಕೆಲಸಕ್ಕೆ ಬರುವುದು ಅದು. ಇನ್ನೊಂದು ತೀರಾ ನಿಧಾನದ್ದು. ಸೆಕೆಂಡಿಗೆ ಸುಮಾರು ಒಂದು ಮೀಟರ್ ಅದರ ನಡಿಗೆ. ‘ಸಿ-ಟ್ಯಾಕ್ಟೈಲ್’ ಎಂದು ಕರೆಯುವ ಈ ನರತಂತುಗಳು ಹೆಚ್ಚಾಗಿರುವುದು ಕೂದಲಿರುವ ಚರ್ಮದಲ್ಲಿ, ಅಂದರೆ ಬೆನ್ನು, ತೋಳು, ತಲೆಯಂಥ ಕಡೆ. ಅಂಗೈಯಲ್ಲಿ ತೀರಾ ವಿರಳ.

1939ರಲ್ಲಿ ಸ್ವೀಡನ್ನಿನ ಯಂಗ್ವೆ ಜೊಟ್ಟರ್‌ಮನ್ ಬೆಕ್ಕುಗಳಲ್ಲಿ ಇವನ್ನು ಗುರುತಿಸಿದ್ದ. ಮನುಷ್ಯರಲ್ಲಿ ಇವೆಯೆಂದು ಖಾತ್ರಿಯಾಗಲು ಇನ್ನೂ ಐದು ದಶಕ ಹಿಡಿಯಿತು. ಆಮೇಲೆ ಅದೇ ದೇಶದ ಹೋಕನ್ ಓಲಾಸನ್ ಮತ್ತು ಸಂಗಡಿಗರು ಒಂದು ವಿಚಿತ್ರ ಪ್ರಕರಣವನ್ನು ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದರು. ಕಾಯಿಲೆಯಿಂದ ವೇಗದ ನರಗಳನ್ನೆಲ್ಲ ಕಳೆದುಕೊಂಡಿದ್ದ ಮಹಿಳೆಯೊಬ್ಬರ ಮುಂಗೈಯನ್ನು ಮೆತ್ತನೆ ಕುಂಚದಿಂದ ಸವರಿದರು. ಯಾವ ಕಡೆಗೆ ಸವರಿದರು ಎಂದು ಆಕೆಗೆ ಹೇಳಲಾಗಲಿಲ್ಲ. ಆದರೆ ಏನೋ ಹಿತವಾಗುತ್ತಿದೆ ಎಂಬುದು ಗೊತ್ತಾಗುತ್ತಿತ್ತು. ಸ್ಪರ್ಶದ ಲೆಕ್ಕ ಇಡುವ ಭಾಗ ಆಕೆಯ ಮಿದುಳಿನಲ್ಲಿ ಸುಮ್ಮನಿತ್ತು. ಭಾವನೆ, ಒಡಲಿನ ಸ್ಥಿತಿಗತಿಗೆ ಸಂಬಂಧಿಸಿದ ‘ಇನ್ಸುಲಾ’ ಎಂಬ ಭಾಗ ಎಚ್ಚರಗೊಂಡಿತ್ತು.

ಈ ನಿಧಾನಿ ನರಕ್ಕೆ ಇಷ್ಟಾನಿಷ್ಟಗಳಿವೆ. ಸೆಕೆಂಡಿಗೆ ಒಂದರಿಂದ ಹತ್ತು ಸೆಂಟಿಮೀಟರ್ ವೇಗದಲ್ಲಿ, ಮೈಯ ಬಿಸಿಯಿರುವ ಕೈಯಿಂದ ಮೃದುವಾಗಿ ಸವರಿದರೆ ಅದು ಚೆನ್ನಾಗಿ ಮಿಡಿಯುತ್ತದೆ. ಅವಸರದಲ್ಲಿ ಸವರಿದರೆ, ತಣ್ಣನೆಯ ವಸ್ತುವಿನಿಂದ ಸವರಿದರೆ ಅಷ್ಟಾಗಿ ಸ್ಪಂದಿಸುವುದಿಲ್ಲ. ಮಗುವಿನ ಬೆನ್ನು ಸವರಿ ಎಂದು ತಾಯ್ತಂದೆಯರಿಗೆ ಹೇಳಿ ಅಳತೆ ಮಾಡಿದರೆ, ಯಾರೂ ಕಲಿಸದೆ ಅವರ ಕೈ ಸಾಗುವುದು ಇದೇ ವೇಗದಲ್ಲಿ. ಗರ್ಭದಲ್ಲಿ ಎಲ್ಲಕ್ಕಿಂತ ಮೊದಲು ಮೂಡುವ ಇಂದ್ರಿಯವೂ ಸ್ಪರ್ಶವೇ. ಎಂಟನೇ ವಾರದ ಹೊತ್ತಿಗೆ ತುಟಿಯ ಸುತ್ತ ಏನಾದರೂ ತಾಗಿದರೆ ಭ್ರೂಣ ಪ್ರತಿಕ್ರಿಯಿಸುತ್ತದೆ. ಕಣ್ಣು, ಕಿವಿಗಳ ಸರದಿ ಆಮೇಲೆ.

ಎಣ್ಣೆ, ಬಿಸಿನೀರು, ಅಜ್ಜಿಯ ಕಾಲು

ಇಷ್ಟೆಲ್ಲ ಓದಿದ ಮೇಲೆ ನಮ್ಮ ಬಚ್ಚಲುಮನೆಯ ದೃಶ್ಯವೊಂದು ಬೇರೆಯಾಗಿಯೇ ಕಾಣುತ್ತದೆ. ಬಾಣಂತನದ ಮನೆಯಲ್ಲಿ ಕೂಸಿಗೆ ಎರೆಯಲು ಅನುಭವಸ್ಥ ಹೆಂಗಸೊಬ್ಬಳು ಬರುತ್ತಾಳೆ, ಇಲ್ಲವೇ ಅಜ್ಜಿಯೇ ಕೂರುತ್ತಾಳೆ. ಸೀರೆಯನ್ನು ಮೊಣಕಾಲ ಮೇಲಕ್ಕೆ ಎತ್ತಿಕಟ್ಟಿ, ಮಣೆಯ ಮೇಲೆ ಕುಳಿತು ಎರಡೂ ಕಾಲು ಉದ್ದಕ್ಕೆ ಚಾಚುತ್ತಾಳೆ. ಕೂಸನ್ನು ಆ ಕಾಲುಗಳ ನಡುವಿನ ತಗ್ಗಿನಲ್ಲಿ ಮಲಗಿಸುತ್ತಾಳೆ. ಬೆಚ್ಚಗಿನ ಎಣ್ಣೆಯನ್ನು ಎದೆಯಿಂದ ಭುಜಕ್ಕೆ, ತೊಡೆಯಿಂದ ಪಾದಕ್ಕೆ ನೀವುತ್ತಾಳೆ. ಬಲಗೈ ಎಡಗಾಲಿಗೆ, ಎಡಗೈ ಬಲಗಾಲಿಗೆ ಮುಟ್ಟಿಸುತ್ತಾಳೆ. ಬೋರಲು ಮಲಗಿಸಿ ಬೆನ್ನು ತಿಕ್ಕುತ್ತಾಳೆ. ಅಷ್ಟು ಹೊತ್ತೂ ಬಾಯಲ್ಲಿ ಏನಾದರೊಂದು ಮಾತು, ಪದ. ನೀರೆರೆದು, ಒರೆಸಿ, ಬಟ್ಟೆಯಲ್ಲಿ ಸುತ್ತಿದ ಕೂಸು ಹಾಲು ಕುಡಿದು ಗಂಟೆಗಟ್ಟಲೆ ನಿದ್ದೆ ಹೋಗುತ್ತದೆ.

ಇಂಥದೇ ನೋಟವನ್ನು ಕಲ್ಕತ್ತದ ಬಡಾವಣೆಯೊಂದರಲ್ಲಿ ಕಂಡ ಫ್ರಾನ್ಸಿನ ಪ್ರಸೂತಿ ವೈದ್ಯ ಫ್ರೆಡರಿಕ್ ಲೆಬೊಯೆ ಮರುಳಾಗಿಹೋದ. ಎಣ್ಣೆ ಹಚ್ಚುತ್ತಿದ್ದ ಆ ತಾಯಿಯ ಹೆಸರನ್ನೇ ಇಟ್ಟು 1976ರಲ್ಲಿ ‘ಶಾಂತಲಾ’ ಎಂಬ ಚಿತ್ರಪುಸ್ತಕ ತಂದ. ಯುರೋಪಿನಲ್ಲಿ, ಬ್ರೆಜಿಲಿನಲ್ಲಿ ಮಕ್ಕಳ ಎಣ್ಣೆ ನೀವುವಿಕೆಗೆ ಇಂದಿಗೂ ಅದೇ ಹೆಸರಿನ ತರಗತಿಗಳು ನಡೆಯುತ್ತವೆ.

ವಿಜ್ಞಾನಿಗಳೂ ಇದನ್ನು ಒರೆಗೆ ಹಚ್ಚಿದರು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಾಲ್ ಶಾನ್‌ಬರ್ಗ್ ತಾಯಿಯಿಂದ ಬೇರ್ಪಡಿಸಿದ ಇಲಿಮರಿಗಳ ಬೆಳವಣಿಗೆ ನಿಲ್ಲುವುದನ್ನೂ, ತಾಯಿ ನೆಕ್ಕುವಂತೆ ಒದ್ದೆ ಕುಂಚದಿಂದ ಸವರಿದರೆ ಮತ್ತೆ ಶುರುವಾಗುವುದನ್ನೂ ತೋರಿಸಿದ. ಅವನೊಡನೆ ಸೇರಿ ಟಿಫನಿ ಫೀಲ್ಡ್ 1986ರಲ್ಲಿ, ಅವಧಿಗೆ ಮುಂಚೆ ಹುಟ್ಟಿದ ಶಿಶುಗಳಿಗೆ ದಿನಕ್ಕೆ ಮೂರು ಸಲ, ತಲಾ 15 ನಿಮಿಷ, ಹತ್ತು ದಿನ ಮೈ ನೀವಿಸಿ ನೋಡಿದರು. ಕುಡಿಯುತ್ತಿದ್ದ ಹಾಲಿನ ಪ್ರಮಾಣ ಒಂದೇ ಆದರೂ ಆ ಶಿಶುಗಳ ತೂಕ ಉಳಿದವಕ್ಕಿಂತ ಶೇ 47ರಷ್ಟು ಹೆಚ್ಚು ವೇಗವಾಗಿ ಏರಿತು. ಹದವಾಗಿ ಒತ್ತಿದರೆ ಹೊಟ್ಟೆ, ಹೃದಯಗಳನ್ನು ನಿಯಂತ್ರಿಸುವ ವೇಗಸ್ ನರ ಚುರುಕಾಗುತ್ತದೆ, ತಿಂದದ್ದು ಮೈಗೆ ಹತ್ತುತ್ತದೆ ಎಂಬುದು ಫೀಲ್ಡ್ ಕೊಟ್ಟ ವಿವರಣೆ.

ಹಾಗೆಂದು ಬಚ್ಚಲಿನಲ್ಲಿ ನಡೆಯುವುದೆಲ್ಲ ಸರಿಯಲ್ಲ. ಕಿವಿ, ಮೂಗಿಗೆ ಎಣ್ಣೆ ಬಿಡುವುದು, ಮೂಗು ನೀಟಾಗಲೆಂದು ಎಳೆಯುವುದು, ಎಳೆಗೂಸಿನ ಮೊಲೆ ಹಿಂಡುವುದು, ಕೂಸನ್ನು ತಲೆಕೆಳಗಾಗಿ ಹಿಡಿಯುವುದು, ಸಾಂಬ್ರಾಣಿ ಹೊಗೆ ಕುಡಿಸುವುದು ಇವೆಲ್ಲ ಅಪಾಯ. ಹುಟ್ಟಿದ ಮೊದಲ 24 ಗಂಟೆ ಸ್ನಾನ ಬೇಡ. ತೂಕ ಕಡಿಮೆಯಿರುವ ಕೂಸಿಗೆ ಎರೆಯುವುದನ್ನು ವೈದ್ಯರು ಹೇಳುವವರೆಗೆ ಮುಂದೂಡಬೇಕು. ಕೈಯ ಅಕ್ಕರೆ ಉಳಿಯಲಿ, ಕೈಯ ಜೋರು ಬೇಡ.

ಮುಟ್ಟಬಾರದು ಎಂದ ನಾಡು

ನಮ್ಮದು ಸ್ಪರ್ಶದ ಸಂಸ್ಕೃತಿ ಎಂದು ಬೀಗುವ ಮೊದಲು ಇನ್ನೊಂದು ಮುಖವನ್ನೂ ನೋಡಬೇಕು. ಯಾರು ಯಾರನ್ನು ಮುಟ್ಟಬಹುದು ಎಂಬುದಕ್ಕೆ ನಮ್ಮಷ್ಟು ಕಟ್ಟುನಿಟ್ಟಿನ ಕಾನೂನು ಮಾಡಿಕೊಂಡ ಸಮಾಜ ಅಪರೂಪ. ಮನುಷ್ಯ ಮನುಷ್ಯನನ್ನು ಮುಟ್ಟಿದರೆ ಮೈಲಿಗೆ ಎಂಬ ಆಚಾರವನ್ನು ಅಳಿಸಲು ಸಂವಿಧಾನದಲ್ಲಿ 17ನೇ ವಿಧಿಯನ್ನೇ ಬರೆಯಬೇಕಾಯಿತು; 1955ರಲ್ಲಿ ಪ್ರತ್ಯೇಕ ಕಾಯ್ದೆಯೂ ಬಂತು. ಆದರೂ ಅದು ಪೂರ್ತಿ ಹೋಗಿದೆ ಎಂದು ಎದೆಮುಟ್ಟಿ ಹೇಳುವಂತಿಲ್ಲ. ದೇಶದ ಹಲವೆಡೆ ಹೆರಿಗೆ ಮಾಡಿಸಿ, ಹೊಕ್ಕುಳುಬಳ್ಳಿ ಕತ್ತರಿಸಿ, ಕೂಸನ್ನು ಮೊದಲು ಎತ್ತಿಕೊಂಡ ಕೈಗಳು ಆ ಮನೆಯ ಅಡುಗೆಮನೆಗೆ ಕಾಲಿಡಲಾಗದ ಹೆಂಗಸರದ್ದಾಗಿದ್ದವು.

ಸೂತಕದ ಹೆಸರಿನಲ್ಲಿ ಬಾಣಂತಿ, ಕೂಸುಗಳನ್ನು ಊರಾಚೆಯ ಗುಡಿಸಲಿನಲ್ಲಿ ಇರಿಸುವ ಪದ್ಧತಿ ನಮ್ಮ ಕೆಲವು ಗೊಲ್ಲರಹಟ್ಟಿಗಳಲ್ಲಿ ಈಚಿನವರೆಗೂ ಇತ್ತು. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಹಟ್ಟಿಯೊಂದರಲ್ಲಿ ಹೀಗೆ ಮಳೆ, ಚಳಿಯಲ್ಲಿ ಹೊರಗಿರಿಸಿದ್ದ ಎಳೆಗೂಸು ತೀರಿಕೊಂಡು ರಾಜ್ಯವೆಲ್ಲ ಸುದ್ದಿಯಾಯಿತು. ತೂಕ ಕಡಿಮೆಯಿರುವ ಕೂಸಿಗೆ ಮೈ ತಣ್ಣಗಾಗುವುದೇ ದೊಡ್ಡ ಶತ್ರು. ಬೆಚ್ಚಗಿನ ಮನೆ, ಹೊತ್ತುಕೊಳ್ಳಲು ನಾಲ್ಕು ಜನರ ಎದೆ ಬೇಕಾದ ಸಮಯದಲ್ಲಿ ಅದನ್ನು ಎಲ್ಲರಿಂದ ದೂರವಿಡುವ ಆಚಾರಕ್ಕೆ ಯಾವ ಸಮರ್ಥನೆಯೂ ಇಲ್ಲ.

ಮೀಸೆ ಬಂದ ಮೇಲೆ ಯಾರು ಮುಟ್ಟುತ್ತಾರೆ?

ಮಕ್ಕಳ ಮಾತಾಯಿತು. ಆಮೇಲೆ? ಹತ್ತು ಹನ್ನೆರಡು ವರ್ಷವಾದೊಡನೆ ನಮ್ಮ ಮನೆಗಳಲ್ಲಿ ಅಪ್ಪುಗೆ ನಿಲ್ಲುತ್ತದೆ. ಮಗಳು ದೊಡ್ಡವಳಾದಳು ಎಂದು ಅಪ್ಪ ದೂರ ಸರಿಯುತ್ತಾನೆ. ಮಗನಿಗೆ ಮೀಸೆ ಬಂದಮೇಲೆ ಅವನ ತಲೆ ನೇವರಿಸುವವರು ಇಲ್ಲ. ನಡುವಯಸ್ಸಿನ ಎಷ್ಟೋ ಗಂಡಸರಿಗೆ ಒಂದಿಷ್ಟು ಹಿತವಾದ ಸ್ಪರ್ಶ ಸಿಗುವುದು ಸಲೂನಿನಲ್ಲಿ, ಕ್ಷೌರ ಮುಗಿದ ಮೇಲೆ ಮಾಡುವ ತಲೆ ಮಸಾಜಿನಲ್ಲಿ. ವಯಸ್ಸಾದವರ ಪಾಡು ಇನ್ನೂ ಕಷ್ಟ. ಮಕ್ಕಳು ಅಮೆರಿಕದಲ್ಲೋ ಬೆಂಗಳೂರಿನಲ್ಲೋ ಇರುವ ಮನೆಯಲ್ಲಿ, ಸಂಗಾತಿ ತೀರಿಕೊಂಡ ಮೇಲೆ, ಬಿ.ಪಿ. ನೋಡಲು ಬರುವ ನರ್ಸ್ ಬಿಟ್ಟರೆ ಕೈ ಹಿಡಿಯುವವರಿಲ್ಲ. ವಿಡಿಯೊ ಕಾಲ್‌ನಲ್ಲಿ ಮುಖ ಕಾಣುತ್ತದೆ, ದನಿ ಕೇಳುತ್ತದೆ. ನಿಧಾನಿ ನರಕ್ಕೆ ಅದರಿಂದ ಏನೂ ಸಿಗುವುದಿಲ್ಲ. ವಯಸ್ಸಾದಂತೆ ಬೆರಳತುದಿಯ ಸೂಕ್ಷ್ಮತೆ ಕುಗ್ಗುತ್ತದೆ, ಆದರೆ ನೇವರಿಕೆಯ ಹಿತ ಕುಗ್ಗುವುದಿಲ್ಲ ಎಂಬುದನ್ನು ಅಧ್ಯಯನಗಳು ತೋರಿಸಿವೆ.

ದೊಡ್ಡವರ ಮೈಗೂ ಸ್ಪರ್ಶದಿಂದ ಆಗುವ ಲಾಭ ಅಳೆಯಬಹುದಾದದ್ದು. ವರ್ಜೀನಿಯಾ ವಿಶ್ವವಿದ್ಯಾಲಯದ ಜೇಮ್ಸ್ ಕೋನ್ 2006ರಲ್ಲಿ 16 ವಿವಾಹಿತ ಮಹಿಳೆಯರನ್ನು ಮಿದುಳಿನ ಸ್ಕ್ಯಾನರ್ ಒಳಗೆ ಮಲಗಿಸಿ, ಸಣ್ಣದೊಂದು ವಿದ್ಯುತ್ ಶಾಕ್ ಬರಬಹುದು ಎಂದು ಎಚ್ಚರಿಸಿದ. ಒಂಟಿಯಾಗಿದ್ದಾಗ ಮಿದುಳಿನ ಭಯದ ಕೇಂದ್ರಗಳು ಜೋರಾಗಿ ಕೆಲಸ ಮಾಡುತ್ತಿದ್ದವು. ಅಪರಿಚಿತರು ಕೈ ಹಿಡಿದಾಗ ಸ್ವಲ್ಪ ತಗ್ಗಿತು. ಗಂಡ ಕೈ ಹಿಡಿದಾಗ ಇನ್ನಷ್ಟು ತಗ್ಗಿತು. ದಾಂಪತ್ಯ ಚೆನ್ನಾಗಿದ್ದಷ್ಟೂ ಆ ಇಳಿಕೆ ಹೆಚ್ಚು. ಕೋವಿಡ್ ಕಾಲದಲ್ಲಿ ಬ್ರೆಜಿಲಿನ ನರ್ಸ್‌ಗಳು ಒಂಟಿಯಾಗಿ ಮಲಗಿದ್ದ ರೋಗಿಗಳಿಗಾಗಿ ಎರಡು ರಬ್ಬರ್ ಗ್ಲೌಸ್‌ಗಳಲ್ಲಿ ಬಿಸಿನೀರು ತುಂಬಿ, ಬೆರಳಿಗೆ ಬೆರಳು ಸೇರಿಸಿ ಕಟ್ಟಿ, ರೋಗಿಯ ಅಂಗೈಯನ್ನು ಅವುಗಳ ನಡುವೆ ಇಟ್ಟರು. ಯಾರೋ ಕೈ ಹಿಡಿದಿದ್ದಾರೆ ಎಂಬ ಭಾವನೆ ಬರಲಿ ಎಂದು.

2024ರಲ್ಲಿ ‘ನೇಚರ್ ಹ್ಯೂಮನ್ ಬಿಹೇವಿಯರ್’ ಪತ್ರಿಕೆಯಲ್ಲಿ ಬಂದ ಪರಾಮರ್ಶೆಯೊಂದು ಇನ್ನೂರಕ್ಕೂ ಹೆಚ್ಚು ಅಧ್ಯಯನಗಳನ್ನು, ಹತ್ತಿರ ಹತ್ತಿರ 13 ಸಾವಿರ ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿತು. ನೋವು, ಆತಂಕ, ಖಿನ್ನತೆ ಕಡಿಮೆ ಮಾಡುವಲ್ಲಿ ಸ್ಪರ್ಶ ಸಹಾಯಕ ಎಂಬುದು ಅದರ ತೀರ್ಮಾನ. ಮೂರು ವಿವರಗಳು ಗಮನಿಸುವಂಥವು. ಎಷ್ಟು ಹೊತ್ತು ಎಂಬುದಕ್ಕಿಂತ ಎಷ್ಟು ಸಲ ಎಂಬುದು ಮುಖ್ಯ. ಎಳೆಗೂಸುಗಳಿಗೆ ಹೆತ್ತವರ ಕೈಯೇ ಹೆಚ್ಚು ಫಲಕಾರಿ. ದೊಡ್ಡವರಿಗೆ ಪರಿಚಿತರಾಗಲಿ, ತರಬೇತಾದವರಾಗಲಿ ಅಂಥ ವ್ಯತ್ಯಾಸವಿಲ್ಲ. ಭಾರದ ಹೊದಿಕೆ, ರೋಬೊ ಮೊದಲಾದವು ಮೈಗೆ ಒಂದಿಷ್ಟು ನೆಮ್ಮದಿ ಕೊಡುತ್ತವೆ. ಮನಸ್ಸಿನ ವಿಷಯದಲ್ಲಿ ಮನುಷ್ಯರಿಗೆ ಅವು ಸಾಟಿಯಲ್ಲ.

ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ‘ಬದುಕಲು ದಿನಕ್ಕೆ ನಾಲ್ಕು, ಬೆಳೆಯಲು ಹನ್ನೆರಡು ಅಪ್ಪುಗೆ’ ಎಂಬ ಲೆಕ್ಕಕ್ಕೆ ಮಾತ್ರ ಆಧಾರವಿಲ್ಲ. ಸ್ಪರ್ಶ ಮಾತ್ರೆಯ ಹಾಗೆ ಎಣಿಸಿ ಕೊಡುವಂಥದ್ದಲ್ಲ. ಕ್ಯಾನ್ಸರ್, ಸಕ್ಕರೆ ಕಾಯಿಲೆಗಳು ಕೈ ಆಡಿಸಿದರೆ ವಾಸಿಯಾಗುತ್ತವೆ ಎನ್ನುವವರನ್ನೂ ನಂಬಬೇಡಿ.

ಬೇಡ ಎಂದರೆ ಬೇಡ

ಇದೇ ಸ್ಪರ್ಶ ಹಿಂಸೆಯೂ ಆಗಬಲ್ಲದು. ಬಸ್ಸಿನ ನೂಕುನುಗ್ಗಲಿನಲ್ಲಿ, ತರಗತಿಯಲ್ಲಿ, ಮನೆಯೊಳಗೇ ಬೇಡದ ಕೈ ಮೈಮೇಲೆ ಬಿದ್ದ ಅನುಭವ ಇಲ್ಲದ ಹೆಣ್ಣುಮಕ್ಕಳು ವಿರಳ; ಗಂಡುಮಕ್ಕಳಿಗೂ ಅದು ತಪ್ಪಿಲ್ಲ. 2012ರ ಪೋಕ್ಸೊ ಕಾಯ್ದೆ ಬಂದಮೇಲೆ ಶಾಲೆಗಳಲ್ಲಿ ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶದ ಪಾಠ ನಡೆಯುತ್ತಿದೆ. ಅದು ಬೇಕು. ಆದರೆ ಆ ಪಾಠ ಮನೆಯಿಂದ ಶುರುವಾಗಬೇಕು. ‘ಮಾವನಿಗೆ ಮುತ್ತು ಕೊಡು’ ಎಂದು ಒಲ್ಲದ ಮಗುವನ್ನು ನೆಂಟರ ಮಡಿಲಿಗೆ ತಳ್ಳುವಾಗ, ನಿನ್ನ ಮೈ ನಿನ್ನದಲ್ಲ ಎಂದು ನಾವೇ ಕಲಿಸುತ್ತಿರುತ್ತೇವೆ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಹಗುರವಾದ ಸ್ಪರ್ಶವೂ ಕಿರಿಕಿರಿ. ಹಿಂಸೆಗೊಳಗಾದವರಿಗೆ ಅಪ್ಪುಗೆಯೂ ಬೆದರಿಕೆಯಾಗಿ ಕಾಣಬಹುದು. ಕೇಳಿ ಮುಟ್ಟುವುದು, ಬೇಡ ಎಂದರೆ ಸುಮ್ಮನಾಗುವುದು ಅಕ್ಕರೆಯ ಮೊದಲ ನಿಯಮ. ಬಲವಂತವಾಗಿ ಮುಟ್ಟಿದಾಗ ಮೈ ಸೆಟೆದುಕೊಳ್ಳುತ್ತದೆ. ಹಿತದ ಪ್ರಶ್ನೆಯೇ ಬರುವುದಿಲ್ಲ.

ಮಾಡಬೇಕಾದ್ದು

ಜಗತ್ತಿನಲ್ಲಿ ಹುಟ್ಟುವ ಹತ್ತು ಮಕ್ಕಳಲ್ಲಿ ಒಂದು ಅವಧಿಗೆ ಮೊದಲೇ ಹುಟ್ಟುತ್ತದೆ. ನಮ್ಮ ಜಿಲ್ಲಾಸ್ಪತ್ರೆಗಳಲ್ಲಿ ನವಜಾತ ಶಿಶುಗಳ ವಿಶೇಷ ಘಟಕಗಳಿವೆ, ಕೇಂದ್ರ ಸರ್ಕಾರ 2014ರಲ್ಲೇ ಕಾಂಗರೂ ಆರೈಕೆಗೆ ಮಾರ್ಗಸೂಚಿ ಹೊರಡಿಸಿದೆ. ಬೇಕಾಗಿರುವುದು ಆ ಘಟಕದ ಒಳಗೇ ತಾಯಿಗೊಂದು ಹಾಸಿಗೆ, ಊಟ, ಶೌಚಾಲಯ, ಮರೆಗೊಂದು ಪರದೆ. ಕೂಸು ಒಳಗೆ, ತಾಯಿ ಇನ್ನೊಂದು ವಾರ್ಡಿನಲ್ಲಿ, ಅಪ್ಪ ಗೇಟಿನ ಹೊರಗೆ ಎಂಬ ಏರ್ಪಾಡು ಬದಲಾಗಬೇಕು. ತಾಯಿಗೆ ಆಯಾಸವಾದಾಗ ಅಪ್ಪನೂ ಅಜ್ಜಿಯೂ ಕೂಸನ್ನು ಎದೆಗೆ ಹಾಕಿಕೊಳ್ಳಬಹುದು. ಗಂಡಸರನ್ನು ಒಳಗೆ ಬಿಡುವ ಧೈರ್ಯವನ್ನು ಆಸ್ಪತ್ರೆಗಳು ಮಾಡಬೇಕು. ನಿಮ್ಮ ಮನೆಯಲ್ಲಿ ತೂಕ ಕಡಿಮೆಯ ಕೂಸು ಹುಟ್ಟಿದರೆ ವೈದ್ಯರನ್ನು ನೇರವಾಗಿ ಕೇಳಿ: ಕಾಂಗರೂ ಆರೈಕೆ ಯಾವಾಗ ಶುರುಮಾಡುತ್ತೀರಿ? ಅದು ನಿಮ್ಮ ಕೂಸಿನ ಹಕ್ಕು, ಯಾರೂ ಮಾಡುವ ಉಪಕಾರವಲ್ಲ.

ದೊಡ್ಡವರ ವಿಷಯದಲ್ಲಿ ಸರ್ಕಾರ ಏನೂ ಮಾಡಲಾಗದು, ನಾವೇ ಮಾಡಬೇಕು. ನರಕ ಚತುರ್ದಶಿಯ ದಿನ ತಲೆಗೆ ಎಣ್ಣೆ ಹಚ್ಚುವ ಪದ್ಧತಿ ನಿಮ್ಮ ಮನೆಯಲ್ಲಿದ್ದರೆ, ವರ್ಷಕ್ಕೊಂದು ದಿನ ಸಾಲದು, ತಿಂಗಳಿಗೆರಡು ಸಲ ಮಾಡಿ. ಊರಿಗೆ ಹೋದಾಗ ಅಮ್ಮನ ಕಾಲಿಗೆ ಬಿದ್ದು ಎದ್ದು ಮೊಬೈಲ್ ಹಿಡಿಯುವ ಬದಲು ಹತ್ತು ನಿಮಿಷ ಅದೇ ಕಾಲು ಒತ್ತಿ. ಆಸ್ಪತ್ರೆಗೆ ರೋಗಿಯನ್ನು ನೋಡಲು ಹೋದರೆ ಹಣ್ಣಿನ ಚೀಲವನ್ನು ಪಕ್ಕಕ್ಕಿಟ್ಟು ಕೈ ತೊಳೆದುಕೊಂಡು, ಕೇಳಿ, ಕೈ ಹಿಡಿದು ಕೂರಿ. ಮೀಸೆ ಬಂದ ಮಗನ ಹೆಗಲ ಮೇಲೆ ಒಮ್ಮೆ ಕೈ ಹಾಕಿ ನೋಡಿ. ಅವನು ಕೊಸರಿಕೊಂಡರೆ ಬಿಡಿ, ನಾಳೆ ಮತ್ತೆ ಹಾಕಿ. ಇದಕ್ಕೆ ದುಡ್ಡು ಬೇಡ, ತರಬೇತಿ ಬೇಡ, ಬೇಕಾದದ್ದು ಸ್ವಲ್ಪ ಸಮಯ ಮತ್ತು ಎದುರಿಗಿರುವವರ ಒಪ್ಪಿಗೆ. ಇವತ್ತು ಮನೆಯಲ್ಲಿ ಎಲ್ಲರೂ ಉಂಡರೇ ಎಂದು ಕೇಳುವಾಗ, ಇವತ್ತು ಯಾರ ಮೈಯನ್ನೂ ಯಾರೂ ತಡವಲಿಲ್ಲವಲ್ಲ ಎಂಬುದನ್ನೂ ಒಮ್ಮೆ ಯೋಚಿಸಿ.